ಆಯೇರಿಯ ಸೀರೆ

ಖಾನಾವಳಿಗಳಿಗೆ ರೊಟ್ಟಿ ಬಡಿದು ಕೂಡಿಸಿದ ಒಂದೂವರೆ ಲಕ್ಷ ರೂಪಾಯಿಯನ್ನು ಶಾರದವ್ವ ಮಗನ ಮುಂದಿಟ್ಟು, "ನಾಳಿ ಬ್ಯಾಂಕ್ ತಗದ ಕೂಡ್ಲೆ ಹೋಗಿ ಮನಿ ಸಾಲಕ್ಕ ತುಂಬಿ ಬಾ. ಮನಿ ಉತಾರದಾಗಿನ ಸಾಲದ ಬೋಜಾ ಜಲ್ದಿ ಇಳೀಲಿ" ಎಂದಳು.

ಅಂಬರೀಶ "ಆತವ್ವಾ" ಎಂದ. ಅವನು ಅಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಹೆಂಡತಿ ಪ್ರಿಯಾಂಕಾಳಿಗೆ ಕಸಿವಿಸಿಯಾಯಿತು. ಅವನ ಎರಡು ಕ್ರೆಡಿಟ್ ಕಾರ್ಡುಗಳ ಬಾಕಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೋದ ವರ್ಷ ಬೆಟಗೇರಿಯ ಈ ಹೊಸ ಮನೆಯ ವಾಸ್ತುಶಾಂತಿಯಲ್ಲಿ, ನೆಂಟರು ತಂದದ್ದಕ್ಕಿಂತ ನಾವು ಕೊಡುವ ಆಯೇರಿಯ ಉಡುಗೊರೆ ಒಂದು ಕೈ ಮೇಲಿರಬೇಕೆಂದು ಹೆಂಗಸರಿಗೆಲ್ಲ ಸೀರೆ, ಗಂಡಸರಿಗೆಲ್ಲ ಅಂಗಿಬಟ್ಟೆ ಕೊಟ್ಟದ್ದು ಆ ಕಾರ್ಡುಗಳ ಮೇಲೆಯೇ. ಮಗ ಅಚ್ಚುಕೂಟದ ಪಗಾರದಲ್ಲಿ ಉಳಿಸಿ ತಂದನೆಂದು ಶಾರದವ್ವ ಇವತ್ತಿಗೂ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ಬೀಗುತ್ತಾಳೆ. ಆ ಹಿಗ್ಗಿಗೆ ನೀರೆರಚುವ ಧೈರ್ಯ ಅಂಬರೀಶನಿಗೆ ಇರಲಿಲ್ಲ. ಸೀರೆ ಆರಿಸಿದವಳು ತಾನೇ ಆದ್ದರಿಂದ ಪ್ರಿಯಾಂಕಾಳೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಆದರೆ ಈಗ ಅವಳಿಗೆ ಏಳು ತಿಂಗಳು. ಬರುವ ವಾರ ಸೀಮಂತದ ಕುಬಸ. ಮತ್ತೆ ಆಯೇರಿ, ಮತ್ತೆ ಅದೇ ಕಾರ್ಡು.

"ಅತ್ತೀ, ಆ ರೊಕ್ಕ ಮನಿ ಸಾಲಕ್ಕ ಬ್ಯಾಡ್ರಿ. ಮೊದ್ಲ ಕಾರ್ಡಿಂದು ಮುಟ್ಟಸೂಣು" ಎಂದೇಬಿಟ್ಟಳು.

"ಎಂಥಾ ಕಾರ್ಡು?"

ಅಂಬರೀಶ ಕಣ್ಣಲ್ಲೇ ಗದರಿದ. ಪ್ರಿಯಾಂಕಾ ಅತ್ತ ನೋಡದೆ ಎಲ್ಲವನ್ನೂ ಹೇಳಿ ಮುಗಿಸಿದಳು. "ಮನಿ ಸಾಲಕ್ಕ ವರ್ಷಕ್ಕ ನೂರಕ್ಕ ಒಂಬತ್ತು ರೂಪಾಯಿ ಬಡ್ಡಿರಿ. ಇದಕ್ಕ ತಿಂಗಳಿಗೇ ಮೂರೂವರಿ. ಮನಿ ಸಾಲ ಕಾಯತೈತಿ, ಇದು ಕಾಯೂದಿಲ್ಲ."

ಅತ್ತೆ ಈಗ ಅಳುತ್ತಾಳೆ, ಇಲ್ಲವೇ ತನಗೇ ನಾಲ್ಕು ಮಾತು ಅನ್ನುತ್ತಾಳೆ ಎಂದು ಪ್ರಿಯಾಂಕಾ ಕಾದು ಕುಳಿತಳು.

"ಹಂಗಾರ ಅವತ್ತ ನಾ ಮೆರಕೋಂತ ಹಂಚಿದ್ದು ಸಾಲದ ಸೀರಿ ಅನ್ನು" ಎಂದ ಶಾರದವ್ವ, ಹಣದ ಗಂಟನ್ನು ಮಗನ ಮುಂದಿನಿಂದ ಎತ್ತಿ ಸೊಸೆಯ ಕೈಗಿಟ್ಟಳು. "ಕಾರ್ಡಿಗೇ ತುಂಬು. ಇಂವನ ಕೈಯಾಗ ಕೊಡಬ್ಯಾಡ. ಮನಿ ಸಾಲ ಇನ್ನ ನಾಕ ವರ್ಷ ಇದ್ರೂ ಇರಲಿ, ನನ್ನ ಕೈಯೇನು ಸೋತಿಲ್ಲ. ಈಗ ನಮ್ಮ ಫಕೀರವ್ವಗ ಫೋನ್ ಹಚ್ಚು."

ಫಕೀರವ್ವ ಶಿರಹಟ್ಟಿಯಲ್ಲಿರುವ ಶಾರದವ್ವನ ತಂಗಿ. ಅವಳ ಕಿವಿಗೊಂದು ಮಾತು ಹಾಕಿದರೆ ಸಾಕು, ಲಕ್ಷ್ಮೇಶ್ವರ, ಮುಂಡರಗಿಯ ನೆಂಟರಿಗೆ ಬೇರೆ ಹೇಳಬೇಕಿಲ್ಲ.

"ಯವ್ವಾ, ಆಕಿಗ್ಯಾಕ? ಮಾನ ಹೊಕ್ಕೈತಿ!" ಅಂಬರೀಶ ಗಾಬರಿಯಾದ.

"ಹೋದ್ರ ಹೋಗ್ಲಿ. ಅದಕ್ಕೇನು ತಿಂಗಳಾ ಬಡ್ಡಿ ಬೀಳೂದಿಲ್ಲಲಾ?"

ಸೊಸೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ನಡುವೆ ಹಿಡಿದಳು. ಶಾರದವ್ವ ಸುತ್ತು ಬಳಸಲಿಲ್ಲ. "ಏ ಫಕೀರವ್ವಾ, ಕುಬಸಕ್ಕ ಎಲ್ಲಾರೂ ಬರ್ರಿ, ಹೊಟ್ಟಿ ತುಂಬ ಉಣ್ರಿ. ಆಯೇರಿ ಮಾತ್ರ ನಾವು ಕೊಡೂದಿಲ್ಲ, ನೀವೂ ತರಬ್ಯಾಡ್ರಿ. ವಾಸ್ತುಶಾಂತ್ಯಾಗ ಕೊಟ್ಟಿದ್ದೆಲ್ಲಾ ಸಾಲದ್ದು. ಅದನ್ನ ಈಗ ತೀರಸಾಕ ಹತ್ತೀವಿ. ಖರೆ ಹೇಳಾಕ ನಾಚಿಕಿ ಏನು? ಎಲ್ಲಾರಿಗೂ ಹೇಳು."

ದನಿ ಒಂದಿಷ್ಟೂ ತಗ್ಗಲಿಲ್ಲ. ಗಂಡ ಹೆಂಡತಿ ವರ್ಷವಿಡೀ ನುಂಗಿಕೊಂಡು ಒದ್ದಾಡಿದ ಮಾತನ್ನು ಈಕೆ ಒಂದೇ ಉಸಿರಿಗೆ ಆಡಿ ಕುಳಿತಿದ್ದಳು. ಎಂಥ ಹೆಂಗಸು! ಅಲ್ಲೇ ಬಗ್ಗಿ ಕಾಲು ಹಿಡಿಯಬೇಕೆನಿಸಿತು ಪ್ರಿಯಾಂಕಾಳಿಗೆ, ಹೊಟ್ಟೆ ಬಿಡಲಿಲ್ಲ.

ಚಿಕ್ಕವ್ವ ಈಗ ಏನು ಆಡಿಕೊಳ್ಳುತ್ತಾಳೋ ಎಂದು ಅಂಬರೀಶ ತಲೆ ತಗ್ಗಿಸಿದ.

"ತಡಿ ಅಕ್ಕಾ, ಇವರು ಹೊರಗ ಹೋಗ್ಲಿ" ಎಂದಳು ಫಕೀರವ್ವ. ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಪಿಸುದನಿ ಕೇಳಿಸಿತು:

"ಅವತ್ತ ನಾ ನಿನಗ ಉಡಿಸಿದ್ನಲ್ಲಾ ಇಳಕಲ್ ಸೀರಿ... ಅದರದ್ದು ಇನ್ನೂ ಎರಡು ಕಂತು ಅದಾವು."