ತೋಳಿನೊಳಗಿನ ಹೊಳೆ

“ಡಾಕ್ಟ್ರೇ, ಸದ್ದು ಈಗ ಎಷ್ಟು ಜೋರಾಗಿದೆ ಅಂತೀರಿ! ಪಕ್ಕದಲ್ಲಿ ಮಲಗಿದ್ರೂ ಕೇಳುತ್ತೆ,” ಎನ್ನುತ್ತ ನೀರುಗಂಟಿಯ ಹೆಂಡತಿ, ಮಗನ ಅಂಕಪಟ್ಟಿ ತೋರಿಸುವವಳಂತೆ, ಗಂಡನ ಎಡತೋಳನ್ನು ಮುಂದೆ ಹಿಡಿದಳು.

ಅವನ ಮೂತ್ರಪಿಂಡಗಳು ಕೈಕೊಟ್ಟು ಆರು ವರ್ಷ. ಡಯಾಲಿಸಿಸ್‌ಗೆಂದು ಆ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿದ್ದರು. ಅಲ್ಲಿ ರಕ್ತ ಗುಂಯ್‌ಗುಡುತ್ತ ಹರಿಯುತ್ತಿತ್ತು. “ಈ ಸದ್ದು ನಿಂತ್ರೆ ಓಡಿ ಬನ್ನಿ” ಎಂದಿದ್ದಳು ನರ್ಸಮ್ಮ. ಅಂದಿನಿಂದ ಇವಳು ಬೆಳಗೆದ್ದು ದೇವರಿಗೆ ಕೈಮುಗಿಯುವ ಮೊದಲು ಆ ತೋಳಿಗೆ ಕಿವಿಯಿಡುವಳು. ಕಣ್ಣು ಮುಚ್ಚಿದರೆ ಒಂದು ಹೊಳೆ. ದಡದಲ್ಲಿ ಗುದ್ದಲಿ ಹೆಗಲಿಗಿಟ್ಟು ನಿಂತ ಹರೆಯದ ಗಂಡ. ತಿಂಗಳಿಂದ ತಿಂಗಳಿಗೆ ಮೊರೆತ ಏರಿದಾಗ, ದೇವರು ಆಯುಸ್ಸು ಕೂಡಿಸುತ್ತಿದ್ದಾನೆ ಎಂದುಕೊಂಡಿದ್ದಳು.

ಡಾಕ್ಟರು ಹಿಗ್ಗಲಿಲ್ಲ. “ಇವರಿಗೆ ಉಸಿರು ಕಟ್ಟಿಸ್ತಿರೋದೇ ಈ ಜೋರು, ಅಮ್ಮ. ಇಲ್ಲಿ ರಕ್ತ ಮಿತಿಮೀರಿ ನುಗ್ಗಿ, ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿದೆ. ಹೃದಯ ಸೋಲ್ತಿದೆ. ಈ ದಾರೀನ ಸ್ವಲ್ಪ ಬಿಗಿ ಮಾಡ್ಬೇಕು.”

“ಸದ್ದು?”

“ತಗ್ಗುತ್ತೆ.”

“ಬೇಡ!” ಅವಳು ತೋಳನ್ನು ಅವಚಿಕೊಂಡಳು. “ಸದ್ದಿದ್ರೇ ಇವರು ಇದ್ದಾರೆ ಅಂತ ಹೇಳಿಕೊಟ್ಟೋರು ನೀವೇ.”

ನೀರುಗಂಟಿ ನಕ್ಕ. “ಲೇ, ನಲವತ್ತು ವರ್ಷ... ಕೆರೆ ತೂಬು ಕಾದೋನು ನಾನು. ಕಾಲುವೆ ಭೋರ್ಗರೆದ್ರೆ... ಊರೋರು ಕುಣೀತಾರೆ. ನೀರುಗಂಟಿ ಮಾತ್ರ... ಏರಿ ಒಡೆಯುತ್ತೆ ಅಂತ ಓಡ್ತಾನೆ.”

“ರೀ, ಇಷ್ಟು ಮಾತಿಗೆ ಮೂರು ಸಲ ನಿಂತ್ರಲ್ಲ!”

“ಇವತ್ತು ಎಣಿಸಿದೆಯಾ?”

ಅವಳಿಗೆ ದಿಂಬುಗಳು ನೆನಪಾದವು. ಮಲಗಿದರೆ ಉಸಿರು ಸಿಗದೆಂದು ಮೊದಲು ಎರಡು, ಆಮೇಲೆ ಮೂರು ಇಟ್ಟುಕೊಂಡು, ಕೇಳಿದರೆ “ಕತ್ತು ನೋವು ಕಣೇ” ಎನ್ನುತ್ತಿದ್ದ. ಅವಳ ಹಿಡಿತ ಮೆಲ್ಲಗೆ ಸಡಿಲವಾಯಿತು.

ತೋಳಿನ ದಾರಿ ಬಿಗಿಸಿ ಮನೆಗೆ ಬಂದ ಹತ್ತನೆಯ ಬೆಳಗು. ಅವಳು ಕಿವಿಯಿಟ್ಟಳು. ಹೊಳೆ ಇಲ್ಲ. ಕಿವಿ ಇನ್ನಷ್ಟು ಒತ್ತಿದಳು. ಎಲ್ಲೋ ಆಳದಲ್ಲಿ, ನೀರು ಪೈರಿನ ಬುಡಕ್ಕೆ ಇಳಿಯುವಷ್ಟೇ ಮೆತ್ತಗಿನ ಸದ್ದು.

“ರೀ...”

ಉತ್ತರಕ್ಕೆ ಬಂದದ್ದು ಗೊರಕೆ. ಅವನು ಅಂಗಾತ ಮಲಗಿದ್ದ. ಎರಡು ದಿಂಬು ಕೆಳಗೆ ಬಿದ್ದಿದ್ದವು. ಅವುಗಳಲ್ಲೊಂದು, ಎಂಟು ತಿಂಗಳ ಹಿಂದೆ ಅವಳು ತನ್ನ ತಲೆಯಡಿಯಿಂದ ತೆಗೆದುಕೊಟ್ಟದ್ದು.