ದರ್ಬೆಯ ಮೊದಲ ಮನೆ

ಹಸಿ ಸಿಮೆಂಟಿನ ವಾಸನೆಗೆ ಈಗಲೂ ಆ ಮಧ್ಯಾಹ್ನ ಎದ್ದು ಬರುತ್ತದೆ.

ಅಪ್ಪ ಸ್ವಂತವಾಗಿ, ಬೇರೆಯವರಿಗೆ ಮನೆ ಕಟ್ಟಿಸಿಕೊಡುವ ವ್ಯವಹಾರ ಶುರು ಮಾಡಿದ್ದರು. ಮೊದಲನೆಯದು ದರ್ಬೆಯಲ್ಲಿ. ಆಗ ಅಮ್ಮ ಬಸುರಿ.

“ಹೆಂಡತಿ ಬಸುರಿ ಇರುವಾಗ ಮನೆ ಕಟ್ಲಿಕ್ಕುಂಟಾ ಮಾರಾಯ? ಮಗುವಿಗೆ ಒಳ್ಳೆಯದಲ್ಲ.” ಎಂದಿದ್ದರು ಅಜ್ಜಿ.

“ಅದು ನಮ್ಮ ಮನೆಯಾ ಅಮ್ಮ? ಕಟ್ಟಿಸುವವರಿಗೆ ಮೊಮ್ಮಕ್ಕಳೇ ಉಂಟು!” ಅಪ್ಪ ನಕ್ಕಿದ್ದರು. ಅಮ್ಮನೂ ನಕ್ಕಿದ್ದಳು. ಇದು ಬೇರೆ ದಿನದ ಮಾತು. ನನ್ನ ನೆನಪಿನಲ್ಲಿ ಮಾತ್ರ ಅದೇ ಮಧ್ಯಾಹ್ನಕ್ಕೆ ಅಂಟಿಕೊಂಡಿದೆ.

ಮಗು ಉಳಿಯಲಿಲ್ಲ. ಅಮ್ಮ ಆಸ್ಪತ್ರೆಯಿಂದ ಬಂದು ಒಳಕೋಣೆಯಲ್ಲಿ ಮಲಗಿದ್ದಳು. ದರ್ಬೆಯ ಮನೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಅಪ್ಪ ಸಿಮೆಂಟು ಮೆತ್ತಿದ ಕೈಯನ್ನೂ ತೊಳೆಯದೆ ಬಾಗಿಲಲ್ಲಿ ನಿಂತರು.

“ಆ ಕೆಲಸ ಬಿಟ್ಟುಬಿಡ್ತೇನೆ ಮಾರಾಯ್ತಿ.”

ಅಮ್ಮ ಗೋಡೆಯತ್ತ ಹೊರಳಿದಳು. ಆಮೇಲೆ ತಿರುಗಿ ನೋಡದೆಯೇ ಹೇಳಿದಳು: “ಬೇಡ. ಅದಾದ್ರೂ ಪೂರ್ತಿಯಾಗ್ಲಿ.”