ಮುನಿಯಪ್ಪನ ಉಪಕಾರ

ಮುನಿಯಪ್ಪ ಕೂಲಿ ಬೇಡವೆಂದಾಗಲೇ ಹುಲಿಗೆಮ್ಮನಿಗೆ ಅನುಮಾನ ಬಂತು. ಬೀಡಿಗೆ ಕೆಂಡ ಕೊಟ್ಟರೂ ಮರೆಯದೆ ಅದನ್ನು ಎತ್ತಿ ಆಡುವ ಆಸಾಮಿ, ಕರೆಯದೆಯೇ ಕೊಡಲಿ ಹಿಡಿದು ಅವಳ ಹಿತ್ತಲಲ್ಲಿ ನಿಂತಿದ್ದ.

ರಾತ್ರಿಯ ಬಿರುಗಾಳಿಗೆ ಹಿತ್ತಲಿನ ಆಲದ ಮರದ ಕೊಂಬೆಯೊಂದು ಸೀಳಿ ಮನೆಯ ಹೆಂಚಿನ ಮೇಲೆ ವಾಲಿತ್ತು. ಎಲೆಗಳು ಉದುರಿ ಮರ ಬೋಳಾಗಿತ್ತು. ಶ್ರೀರಾಂಪುರದ ಆ ಕೇರಿಗೆಲ್ಲ ಅದೊಂದೇ ಆಲ. ಯಾರ ಮನೆಯ ಹಸು ಈದರೂ ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ತಂದು ಅದಕ್ಕೇ ಕಟ್ಟುತ್ತಿದ್ದರು. ಮಾಸು ನಾಯಿಯ ಬಾಯಿಗೆ ಬಿದ್ದರೆ ಹಸುವಿನ ಹಾಲು ಬತ್ತುತ್ತದೆಂಬ ಭಯ ಎಲ್ಲರಿಗೂ.

ಆ ಗಂಟುಗಳನ್ನು ಕಂಡರೆ ಹುಲಿಗೆಮ್ಮನಿಗೆ ಸಂಕಟ. ತುಂಬುಗಬ್ಬದ ಅವಳ ಹಸು ಗೌರಿ ಯುಗಾದಿಯ ಮರುದಿನ ಕೊಟ್ಟಿಗೆಯಿಂದ ಮಾಯವಾಗಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹಾಲು ಹಾಕಿಯೇ ಬದುಕಬೇಕಿದ್ದ ವಿಧವೆ ಅವಳು. ಹಸುವಿನ ಕೊರಳಲ್ಲಿ ಹಸಿರು ಸೀರೆ ಹರಿದು ಹೆಣೆದ ಹಗ್ಗವಿದೆಯೆಂದು ಊರೂರಿಗೆ ಗುರುತು ಹೇಳಿ ಸೋತಿದ್ದಳು. "ಎಮರ್ಜೆನ್ಸಿ ಐತೆ, ಠಾಣೆ ಕಡೆ ತಲೆ ಹಾಕಬ್ಯಾಡ" ಎಂದು ಬುದ್ಧಿ ಹೇಳಿದ್ದವನು ಪಕ್ಕದ ಮನೆಯ ಇದೇ ಮುನಿಯಪ್ಪ.

ಸೌದೆಗೆ ಬಂದಿರಬೇಕು ಎಂದುಕೊಂಡಳು.

"ಸೌದೆ ನೀನೇ ಇಟ್ಕಳವ್ವ," ಎಂದ ಅವನು, ಮರ ಹತ್ತುತ್ತಾ. "ನಮ್ಮಾಕೆ ತವರಿಂದ ತಂದ ಗಿಣ್ಣು ತಿಂದ್ಯಾ?"

"ತಿಂದೆ. ಚೆನ್ನಾಗಿತ್ತು."

"ಹಂಗಾರೆ ಒಳಗೋಗು. ಕೊಂಬೆ ಮೈಮ್ಯಾಲೆ ಬಿದ್ದಾತು."

ಅವಳು ಒಳಗೆ ಹೋದಂತೆ ಮಾಡಿ ಬಾಗಿಲ ಸಂದಿಯಲ್ಲಿ ನಿಂತಳು. ಮುನಿಯಪ್ಪ ಮುರಿದ ಕೊಂಬೆಯತ್ತ ತಿರುಗಿಯೂ ನೋಡಲಿಲ್ಲ. ಬೇಲಿಯ ಕಡೆಯ ಗಟ್ಟಿ ಕೊಂಬೆಗೆ ಕೊಡಲಿ ಹಾಕುತ್ತಿದ್ದ. ಬೇಲಿ! ಗಡಿಗೆ ಗುರುತಾದ ಕೊಂಬೆಯನ್ನೇ ಕಡಿದು ಹಿತ್ತಲು ಒತ್ತುವರಿ ಮಾಡುವ ಹುನ್ನಾರ. ಹುಲಿಗೆಮ್ಮನಿಗೆ ಮೈಯೆಲ್ಲ ಉರಿಯಿತು.

"ಮುರಿದಿರೋದು ಈ ಕಡೆ ಐತೆ ಕಣಣ್ಣ!" ಎಂದು ಕೂಗುತ್ತಾ ಮರದಡಿಗೆ ಓಡಿದಳು.

ಬೆಚ್ಚಿದ ಮುನಿಯಪ್ಪನ ಏಟು ತಪ್ಪಿತು. ಕೊಂಬೆ ಅಲುಗಾಡಿ, ಇನ್ನೂ ಒಣಗದ ಗಂಟೊಂದು ಕಳಚಿಕೊಂಡು ಅವಳ ಕಾಲ ಬಳಿ ಬಿತ್ತು.

"ಮುಟ್ಟಬ್ಯಾಡ! ಯಾರದೋ ಏನೋ!" ಅವನು ದಡಬಡಿಸಿ ಇಳಿಯತೊಡಗಿದ.

ಹುಲಿಗೆಮ್ಮ ಬಗ್ಗಿ ನೋಡಿದಳು. ಗಂಟಿಗೆ ಬಿಗಿದಿದ್ದುದು ಹಸಿರು ಸೀರೆಯ ಹಗ್ಗ.

"ಮುನಿಯಣ್ಣ," ಎಂದಳು, "ನಮ್ಮ ಗೌರಿ ಹಾಕಿದ್ದು ಹೆಣ್ಣುಗರನಾ, ಹೋರಿಗರನಾ?"